ಟ್ರ್ಯಾಕಿಂಗ್ ಕ್ಯಾಮೆರಾ ತೋರಿಸುವ ಸ್ಥಾನ ಥಟ್ಟನೆ ಜಿಗಿಯುವುದೇಕೆ?

ಪ್ರಶ್ನೆ: ಚಕ್ರದ ಮೇಲೆ ಓಡುವ ಒಂದು ಪುಟ್ಟ ರೋಬೋ ಕಟ್ಟಿದ್ದೇನೆ. ಅದಕ್ಕೆ ಎರಡು ಫಿಶ್‌ಐ (ತುಂಬ ಅಗಲದ ನೋಟದ) ಲೆನ್ಸ್ ಮತ್ತು ಒಳಗೇ ಐಎಂಯು (ತಿರುಗುವುದನ್ನೂ ವೇಗದ ಬದಲಾವಣೆಯನ್ನೂ ಅಳೆಯುವ ಸಾಧನ) ಇರುವ ಮೋಷನ್ ಟ್ರ್ಯಾಕಿಂಗ್ ಕ್ಯಾಮೆರಾ ಹಾಕಿದ್ದೇನೆ. ರೋಬೋ ಕಾರಿಡಾರಿನಲ್ಲಿ 40 ಮೀಟರ್ ಹೋಗಿ, ತುದಿಯ ಬಿಳಿ ಗೋಡೆಯ ಮುಂದೆ ನಿಂತಲ್ಲೇ ಅರ್ಧ ಸುತ್ತು ತಿರುಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ತಿರುಗೋದಕ್ಕೆ ಒಂದು ಸೆಕೆಂಡ್ ಸಾಕು. ಹೊರಟ ಜಾಗದಲ್ಲಿ ನೆಲಕ್ಕೆ ಟೇಪ್ ಅಂಟಿಸಿದ್ದೇನೆ. ರೋಬೋ ಸರಿಯಾಗಿ ಟೇಪಿನ ಮೇಲೆ ಬಂದು ನಿಂತರೂ ಕ್ಯಾಮೆರಾ ಮಾತ್ರ 1.3 ಮೀಟರ್ ಪಕ್ಕಕ್ಕೆ ತೋರಿಸುತ್ತದೆ. ಪರದೆಯ ಮೇಲೆ ನೋಡಿದರೆ ರೋಬೋ ಗೋಡೆಯ ಒಳಗೆ ಹೊಕ್ಕ ಹಾಗಿರುತ್ತದೆ. ಮುಂದಿನ ಸುತ್ತಿಗೆ ಅಂತ ಮೊದಲಿನ ದಿಕ್ಕಿಗೆ ತಿರುಗಿಸಿ ಓಡಿಸಿದರೆ, ಮೂರ್ನಾಲ್ಕು ಸೆಕೆಂಡಿನಲ್ಲಿ ಆ ತಪ್ಪು ಥಟ್ಟನೆ 6 ಸೆಂಟಿಮೀಟರಿಗೆ ಇಳಿಯುತ್ತದೆ. ಅದೇ ಕ್ಷಣ ರೋಬೋ ಅಡ್ಡಕ್ಕೆ ತಿರುಗಿ ನಿಜವಾದ ಗೋಡೆಗೆ ಗುದ್ದುತ್ತದೆ. (ವೇಗವನ್ನು ನನ್ನ ಕೋಡ್ ಎರಡು ಸ್ಥಾನಗಳ ವ್ಯತ್ಯಾಸದಿಂದ ಲೆಕ್ಕ ಹಾಕುತ್ತದೆ.) ರೀಲೋಕಲೈಸೇಶನ್ (ಮೊದಲು ನೋಡಿದ ಜಾಗವನ್ನು ಗುರುತಿಸಿ ಸ್ಥಾನ ತಿದ್ದಿಕೊಳ್ಳುವುದು) ಆಫ್ ಮಾಡಿ ನೋಡಿದೆ. ಜಿಗಿತ ನಿಂತಿತು, ಆದರೆ ಮೂರನೇ ಸುತ್ತಿಗೆ ತಪ್ಪು 4 ಮೀಟರ್ ಹತ್ತಿರ ಬಂತು. ಕ್ಯಾಮೆರಾ ಚಕ್ರದ ಅಚ್ಚಿಗಿಂತ 20 ಸೆಂ.ಮೀ. ಮುಂದಿದೆ. ನಿಂತಲ್ಲೇ ತಿರುಗಿದರೂ ಅದು 40 ಸೆಂ.ಮೀ. ಸರಿದ ಹಾಗೆ ತೋರಿಸುತ್ತದೆ. ಹಿಂದಿನ ದಿನ ಉಳಿಸಿದ ಮ್ಯಾಪ್ ಹಾಕಿದರೆ ಮೂಲಬಿಂದುವೇ ಬೇರೆ ಕಡೆ ಇರುತ್ತದೆ. ನನ್ನ ಕ್ಯಾಮೆರಾ ಕೆಟ್ಟಿದೆಯಾ? ಕ್ಯಾಲಿಬ್ರೇಷನ್ ಮಾಡಿಸಬೇಕಾ, ಬೇರೆ ಕೊಳ್ಳಬೇಕಾ?

ಉತ್ತರ: ನೀವು ಅಳತೆ ಮಾಡಿ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಅರ್ಧ ಮುಗಿಯಿತು. ಮೊದಲಿಗೇ ಹೇಳಿಬಿಡುತ್ತೇನೆ: ನಿಮ್ಮ ಕ್ಯಾಮೆರಾ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಇನ್ನೊಂದು ಕೊಂಡು ತಂದು ಇದೇ ರೋಬೋಗೆ, ಇದೇ ಕೋಡಿಗೆ ಹಾಕಿದರೆ ಅದೂ ಇದೇ ಗೋಡೆಗೆ ಗುದ್ದಿಸುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಸಮಸ್ಯೆ ಒಂದಕ್ಕೊಂದು ಹೆಣೆದುಕೊಂಡಿವೆ. 80 ಮೀಟರ್ ಓಡುವಷ್ಟರಲ್ಲಿ ಲೆಕ್ಕ 1.3 ಮೀಟರ್ ತಪ್ಪಿತು, ಇದು ಒಂದು. ಆ ತಪ್ಪು ಒಂದೇ ಏಟಿಗೆ ಸರಿಹೋದಾಗ ರೋಬೋ ಗಾಬರಿಯಾಯಿತು, ಇದು ಇನ್ನೊಂದು. ಕಣ್ಣಿಗೆ ಬೀಳುವುದು ಜಿಗಿತ. ಹಾಗಾಗಿ ಎಲ್ಲರೂ ಮೊದಲು ಜಿಗಿತವನ್ನೇ ನಿಲ್ಲಿಸಲು ಹೊರಡುತ್ತಾರೆ. ನೀವೂ ಅದನ್ನೇ ಮಾಡಿದಿರಿ. ಆದರೆ ಇಡೀ ಓಟದಲ್ಲಿ ಕ್ಯಾಮೆರಾ ನಿಮಗೆ ನಿಜ ಹೇಳಿದ್ದು ಆ ಜಿಗಿತದ ಕ್ಷಣದಲ್ಲೇ. ಅದನ್ನು ಆಫ್ ಮಾಡಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಮೂರನೇ ಸುತ್ತಿನ 4 ಮೀಟರ್ ಅದನ್ನೇ ತೋರಿಸುತ್ತಿದೆ.

ಈ ಕ್ಯಾಮೆರಾಗಳು ಜಾಗವನ್ನು ಹೇಗೆ ಲೆಕ್ಕ ಹಾಕುತ್ತವೆ ಅಂತ ಸ್ವಲ್ಪ ನೋಡೋಣ. ಕತ್ತಲಲ್ಲಿ ನಿಮ್ಮದೇ ಮನೆಯೊಳಗೆ ನಡೆಯುತ್ತಿದ್ದೀರಿ ಅಂದುಕೊಳ್ಳಿ. ಮಂಚದಿಂದ ಆರು ಹೆಜ್ಜೆ, ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ, ಹೀಗೆ ಅಂದಾಜಿನ ಮೇಲೆ ಹೋಗುತ್ತೀರಿ. ಪ್ರತಿ ಹೆಜ್ಜೆಗೂ ಅಂದಾಜು ಒಂಚೂರು ತಪ್ಪುತ್ತದೆ. ಅಷ್ಟರಲ್ಲಿ ಕೈಗೆ ಬಾಗಿಲ ಚೌಕಟ್ಟು ತಾಗುತ್ತದೆ. "ಓ, ಇಲ್ಲಿದ್ದೀನಿ" ಅಂತ ತಲೆಯೊಳಗಿನ ಲೆಕ್ಕವನ್ನು ತಕ್ಷಣ ಸರಿಮಾಡಿಕೊಳ್ಳುತ್ತೀರಿ. ನಿಮ್ಮ ಕಾಲು ಎಲ್ಲಿಗೂ ಹಾರಲಿಲ್ಲ, ಬದಲಾದದ್ದು ತಲೆಯೊಳಗಿನ ಲೆಕ್ಕ ಅಷ್ಟೇ. ಹೆಜ್ಜೆ ಎಣಿಸುವುದು ಟ್ರ್ಯಾಕಿಂಗ್. ಅಂದಾಜು ಮೆಲ್ಲಗೆ ತಪ್ಪುತ್ತಾ ಹೋಗುವುದು ಡ್ರಿಫ್ಟ್. ಚೌಕಟ್ಟು ತಾಗಿ ಜಾಗ ಗುರುತಾಗುವುದು ರೀಲೋಕಲೈಸೇಶನ್.

ಅಂಕಿಗಳಿಗೆ ಈ ಜಾತಿಯ ಒಂದು ಪರಿಚಿತ ಕ್ಯಾಮೆರಾ ತೆಗೆದುಕೊಳ್ಳುತ್ತೇನೆ, ಇಂಟೆಲ್ 2019ರಲ್ಲಿ ತಂದ ರಿಯಲ್‌ಸೆನ್ಸ್ ಟಿ265. ಅದರ ಎರಡು ಲೆನ್ಸ್‌ಗಳ ನಡುವೆ 64 ಮಿಲಿಮೀಟರ್ ಅಂತರ. ಚಿತ್ರ ಸೆಕೆಂಡಿಗೆ 30. ಐಎಂಯು ಒಳಗೆ ತಿರುಗುವುದನ್ನು ನೋಡುವ ಜೈರೋ ಸೆಕೆಂಡಿಗೆ 200 ಸಲ, ವೇಗದ ಬದಲಾವಣೆ ನೋಡುವ ಆಕ್ಸಲರೋಮೀಟರ್ ಸುಮಾರು 62 ಸಲ ಅಳೆಯುತ್ತವೆ. ಸ್ಥಾನವನ್ನು ಮಾತ್ರ ಸೆಕೆಂಡಿಗೆ 200 ಸಲ ಹೇಳುತ್ತದೆ. ಅಂದರೆ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವಿನ 33 ಮಿಲಿಸೆಕೆಂಡ್ ಐಎಂಯು ನಂಬಿಕೊಂಡೇ ನಡೆಯುತ್ತದೆ. ಹಾಗಾಗಿ ಸೆಕೆಂಡಿಗೆ 200 ಸಲ ಉತ್ತರ ಬಂದರೆ ಜಾಸ್ತಿ ನಿಖರ ಅಂದುಕೊಳ್ಳುವುದು ತಪ್ಪು. ಉತ್ತರ ಬೇಗ ಬೇಗ ಬರುತ್ತದೆ, ಅಷ್ಟೇ.

ಐಎಂಯು ಒಂದನ್ನೇ ನಂಬಿದರೆ ಏನಾಗುತ್ತದೆ? ಆಕ್ಸಲರೋಮೀಟರ್ ಹೇಳುವುದು ವೇಗದ ಬದಲಾವಣೆಯನ್ನು. ಅದನ್ನು ಎರಡು ಸಲ ಕೂಡಿಸಿದರೆ ದೂರ ಸಿಗುತ್ತದೆ. ಕೂಡಿಸುವಾಗ ತಪ್ಪೂ ಕೂಡಿಕೊಳ್ಳುತ್ತದೆ, ಅದೂ ಸಮಯದ ವರ್ಗಕ್ಕೆ ತಕ್ಕಂತೆ. ಸೆಕೆಂಡಿನ ವರ್ಗಕ್ಕೆ ಬರೀ 0.01 ಮೀಟರಿನಷ್ಟು ತಪ್ಪು ಇದ್ದರೂ 10 ಸೆಕೆಂಡಿಗೆ ಅರ್ಧ ಮೀಟರ್, ಒಂದು ನಿಮಿಷಕ್ಕೆ 18 ಮೀಟರ್. ಕ್ಯಾಮೆರಾ ತನ್ನ ಓರೆಯನ್ನು 1 ಡಿಗ್ರಿ ತಪ್ಪು ಅಂದಾಜು ಮಾಡಿದರೆ ಇನ್ನೂ ಕಷ್ಟ. ಗುರುತ್ವದ ಒಂದು ತುಣುಕು ಚಲನೆಯ ಲೆಕ್ಕಕ್ಕೆ ಸೇರಿ 0.17ರಷ್ಟು ತಪ್ಪಾಗುತ್ತದೆ. 10 ಸೆಕೆಂಡಿಗೆ ಎಂಟೂವರೆ ಮೀಟರ್! ದುಬಾರಿ ಐಎಂಯು ಹಾಕಿದರೆ ಈ ಗತಿ ಬರುವುದು ತಡವಾಗುತ್ತದೆ, ಬರದೆ ಇರುವುದಿಲ್ಲ. ಇದನ್ನು ಹಿಡಿದು ನಿಲ್ಲಿಸುವುದು ಚಿತ್ರಗಳು. ಪ್ರತಿ ಚಿತ್ರದಲ್ಲಿ ಮೂಲೆ, ಅಂಚು, ಗುರುತುಗಳಂಥ ನೂರಾರು ಬಿಂದುಗಳನ್ನು ಹಿಡಿದು, ಅವು ಮುಂದಿನ ಚಿತ್ರದಲ್ಲಿ ಎಷ್ಟು ಸರಿದವು ಅಂತ ನೋಡಿ ಲೆಕ್ಕ ತಿದ್ದುತ್ತದೆ. ಬಿಂದುಗಳೇ ಸಿಗದ ಜಾಗದಲ್ಲಿ ತಿದ್ದುವವರು ಯಾರೂ ಇರುವುದಿಲ್ಲ.

ಈಗ ನಿಮ್ಮ 1.3 ಮೀಟರಿಗೆ ಬರೋಣ. ನನಗೆ ಈ ಅಂಕಿಗಿಂತ ಮುಖ್ಯ ಅನ್ನಿಸಿದ್ದು ನೀವು ಬರೆದ "ಪಕ್ಕಕ್ಕೆ" ಎಂಬ ಪದ. ತಪ್ಪು ಕಾರಿಡಾರಿನ ಉದ್ದಕ್ಕೆ ಇಲ್ಲ, ಅಡ್ಡಕ್ಕೆ ಇದೆ. 40 ಮೀಟರ್ ವಾಪಸ್ ಬರುವಾಗ 1.3 ಮೀಟರ್ ಅಡ್ಡಕ್ಕೆ ಸರಿಯಬೇಕಾದರೆ ದಿಕ್ಕು ಎಷ್ಟು ತಪ್ಪಿರಬೇಕು? ಬರೀ 1.9 ಡಿಗ್ರಿ. ಅಂದರೆ ತುದಿಯ ಗೋಡೆಯ ಮುಂದೆ ರೋಬೋ 180 ಡಿಗ್ರಿ ತಿರುಗಿತು, ಕ್ಯಾಮೆರಾ 178 ಅಥವಾ 182 ಅಂದುಕೊಂಡಿತು. ನಿಮ್ಮ ಇಡೀ ತಪ್ಪನ್ನು ವಿವರಿಸಲು ಅಷ್ಟು ಸಾಕು. ಓಡಿದ 80 ಮೀಟರ್ ಅದು ಚೆನ್ನಾಗಿಯೇ ನಡೆದಿರಬಹುದು.

ದಿಕ್ಕೇ ಏಕೆ ತಪ್ಪುತ್ತದೆ ಅಂದರೆ, ಅದಕ್ಕೆ ಆಸರೆ ಇಲ್ಲ. ಮುಂದಕ್ಕೆ ಬಾಗಿದರೆ, ಪಕ್ಕಕ್ಕೆ ವಾಲಿದರೆ ಗುರುತ್ವ ಹೇಳಿಕೊಡುತ್ತದೆ. ಕೆಳಗೆ ಯಾವ ಕಡೆ ಅನ್ನುವುದು ಸದಾ ಗೊತ್ತಿರುತ್ತದೆ. ಎಡಕ್ಕೋ ಬಲಕ್ಕೋ ಎಷ್ಟು ತಿರುಗಿದೆ ಅನ್ನುವುದಕ್ಕೆ ಅಂಥ ಸಾಕ್ಷಿ ಯಾವುದೂ ಇಲ್ಲ. ದಿಕ್ಸೂಚಿ ಹಾಕೋಣ ಅಂದರೆ ಮೋಟಾರಿನ ಹತ್ತಿರ, ಕಬ್ಬಿಣದ ಕಂಬಿಗಳಿರುವ ಕಟ್ಟಡದೊಳಗೆ ಅದನ್ನು ನಂಬುವಂತಿಲ್ಲ.

ನೀವು ತಿರುಗಿಸುತ್ತಿರುವ ಜಾಗವನ್ನೇ ನೋಡಿ. ಎದುರಿಗೆ ಬಿಳಿ ಗೋಡೆ, ಹಿಡಿದುಕೊಳ್ಳಲು ಬಿಂದುಗಳು ಕಡಿಮೆ. ವೇಗ ಸೆಕೆಂಡಿಗೆ 180 ಡಿಗ್ರಿ. ಕಾರಿಡಾರಿನ ಬೆಳಕು ಮಂಕಾಗಿದ್ದು ಎಕ್ಸ್‌ಪೋಷರ್ (ಒಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತು) 16 ಮಿಲಿಸೆಕೆಂಡಿಗೆ ಹೋಗಿದ್ದರೆ, ಒಂದು ಚಿತ್ರ ತೆಗೆಯುವಷ್ಟರಲ್ಲಿ ಕ್ಯಾಮೆರಾ ಸುಮಾರು 3 ಡಿಗ್ರಿ ತಿರುಗಿರುತ್ತದೆ. ಇಂಥ ಫಿಶ್‌ಐ ಲೆನ್ಸಿನಲ್ಲಿ ಅದು ಹತ್ತಿರ ಹತ್ತಿರ 14 ಪಿಕ್ಸೆಲ್ ಉದ್ದದ ಮಸುಕು. ಮೂಲೆ ಇದ್ದಲ್ಲಿ ಒಂದು ಬೂದು ಪಟ್ಟಿ ಕಾಣುತ್ತದೆ. ಕ್ಯಾಮೆರಾಗೆ ಅತಿ ಕಷ್ಟದ ತಿರುವನ್ನು ಅತಿ ಕಷ್ಟದ ಜಾಗದಲ್ಲಿ ಮಾಡಿಸುತ್ತಿದ್ದೀರಿ.

ಹಾಗಾಗಿ ಮೊದಲ ಔಷಧಿಗೆ ಏನೂ ಖರ್ಚಿಲ್ಲ. ಒಂದು ಸೆಕೆಂಡಿನ ತಿರುವನ್ನು ನಾಲ್ಕು ಸೆಕೆಂಡಿಗೆ ಎಳೆಯಿರಿ. ಗೋಡೆಗೆ ಮೂಗು ತಾಗಿಸಿಕೊಂಡು ತಿರುಗುವ ಬದಲು ಎರಡು ಮೂರು ಮೀಟರ್ ಹಿಂದೆಯೇ ತಿರುಗಿಸಿ. ಆಗದಿದ್ದರೆ ಆ ಗೋಡೆಗೆ ಒಂದಿಷ್ಟು ಬೇರೆ ಬೇರೆ ಚಿತ್ರ, ಪೋಸ್ಟರ್ ಅಂಟಿಸಿ. ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವ ಕಾಗದ ಮಾತ್ರ ಬೇಡ. ಅದು ಬರಿ ಗೋಡೆಗಿಂತ ಕೆಟ್ಟದ್ದು, ಯಾಕೆಂದರೆ ಯಾವ ಬಿಂದು ಯಾವುದು ಅಂತ ಕ್ಯಾಮೆರಾಗೆ ಗೊಂದಲವಾಗುತ್ತದೆ.

ಇಲ್ಲೊಂದು ವಿಷಯ ಹೇಳಲೇಬೇಕು. ಹೊರಟ ಜಾಗಕ್ಕೇ ವಾಪಸ್ ಬಂದು ತಪ್ಪು ಅಳೆಯುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ, ಆದರೆ ಅದು ಒಂದು ಬಗೆಯ ತಪ್ಪನ್ನು ಪೂರ್ತಿ ಮುಚ್ಚಿಡುತ್ತದೆ. ಕ್ಯಾಮೆರಾ ಪ್ರತಿ ಮೀಟರನ್ನೂ 95 ಸೆಂ.ಮೀ. ಅಂತ ಲೆಕ್ಕ ಹಾಕುತ್ತಿದೆ ಅನ್ನಿ. ಹೋಗುವಾಗ 40ರ ಬದಲು 38, ಬರುವಾಗಲೂ 38. ಕೊನೆಗೆ ಸೊನ್ನೆಗೇ ಬಂದು ನಿಲ್ಲುತ್ತದೆ. ಪರೀಕ್ಷೆ ಪಾಸು, ಅಳತೆ ಮಾತ್ರ 5 ಶೇಕಡ ಸುಳ್ಳು! ಅದಕ್ಕೇ ಒಮ್ಮೆ ನೇರವಾಗಿ 10 ಮೀಟರ್ ಓಡಿಸಿ ಟೇಪಿನಿಂದ ಅಳೆಯಿರಿ. 9.7 ಅಥವಾ 10.3 ತೋರಿಸಿದರೆ ಅಳತೆಯ ತಪ್ಪು. 10 ತೋರಿಸಿಯೂ ಪಕ್ಕಕ್ಕೆ ಸರಿದಿದ್ದರೆ ದಿಕ್ಕಿನ ತಪ್ಪು. 10 ಮೀಟರಿಗೆ 17 ಸೆಂ.ಮೀ. ಪಕ್ಕಕ್ಕೆ ಅಂದರೆ 1 ಡಿಗ್ರಿ ಅಂತ ನೆನಪಿಟ್ಟುಕೊಳ್ಳಿ.

ಅಳತೆಯ ತಪ್ಪು ಚಕ್ರದ ರೋಬೋಗಳಲ್ಲೇ ಜಾಸ್ತಿ. "ಕೈಯಲ್ಲಿ ಹಿಡಿದು ನಡೆದಾಗ ಚೆನ್ನಾಗಿತ್ತು, ರೋಬೋಗೆ ಹಾಕಿದ ಮೇಲೆ ಕೆಟ್ಟಿತು" ಅನ್ನುವ ದೂರು ನನಗೆ ಬಹಳ ಸಲ ಬಂದಿದೆ. ಆ ದೂರು ನಿಜ, ಕಾರಣವೂ ಇದೆ. ಕೈಯಲ್ಲಿ ಹಿಡಿದಾಗ ಕ್ಯಾಮೆರಾ ಮೇಲೆ ಕೆಳಗೆ, ಅತ್ತ ಇತ್ತ ಆಡುತ್ತದೆ. ಆ ಆಟದಿಂದಲೇ ಆಕ್ಸಲರೋಮೀಟರಿಗೆ ಒಂದು ಮೀಟರ್ ಅಂದರೆ ಎಷ್ಟು ಅಂತ ತಿಳಿಯುವುದು. ರೋಬೋ ಸಪಾಟು ನೆಲದ ಮೇಲೆ ಒಂದೇ ವೇಗದಲ್ಲಿ ಜಾರುತ್ತದೆ. ವೇಗ ಬದಲಾಗದಿದ್ದರೆ ಆಕ್ಸಲರೋಮೀಟರಿಗೆ ನಿಂತದ್ದೂ ಒಂದೇ, ಓಡುವುದೂ ಒಂದೇ. ಆಗ ಅಳತೆಯೆಲ್ಲ ಎರಡು ಲೆನ್ಸ್‌ಗಳ ನಡುವಿನ 64 ಮಿ.ಮೀ. ಮೇಲೆ ನಿಲ್ಲುತ್ತದೆ. ಒಂದು ಮೀಟರ್ ದೂರದ ವಸ್ತು ಎರಡು ಚಿತ್ರಗಳ ನಡುವೆ ಸುಮಾರು 18 ಪಿಕ್ಸೆಲ್ ಸರಿದು ಕಾಣುತ್ತದೆ. ಐದು ಮೀಟರ್ ದೂರದ್ದು ನಾಲ್ಕು ಪಿಕ್ಸೆಲ್ಲಿಗೂ ಕಡಿಮೆ. ಅಲ್ಲಿ ಕಾಲು ಪಿಕ್ಸೆಲ್ ತಪ್ಪಿದರೆ ದೂರದ ಅಂದಾಜು 30 ಸೆಂ.ಮೀ. ಮೀರಿ ತಪ್ಪುತ್ತದೆ. ಒಂದು ಮೀಟರಿನಲ್ಲಿ ಅದೇ ಕಾಲು ಪಿಕ್ಸೆಲ್ಲಿಗೆ ಒಂದೂವರೆ ಸೆಂ.ಮೀ. ಕೂಡ ಇಲ್ಲ. ಹತ್ತಿರದಲ್ಲಿ ಏನೂ ಇಲ್ಲದ ವಿಶಾಲ ಹಾಲ್‌ಗಳಲ್ಲಿ ಈ ಕ್ಯಾಮೆರಾಗಳು ಸೋಲುವುದು ಇದಕ್ಕೇ.

ಇದಕ್ಕೆ ಪರಿಹಾರ ನಿಮ್ಮ ಚಕ್ರದಲ್ಲೇ ಇದೆ. ಎನ್‌ಕೋಡರ್ (ಚಕ್ರ ಎಷ್ಟು ಸುತ್ತಿತು ಅಂತ ಎಣಿಸುವ ಸಾಧನ) ಇದ್ದರೆ ಅದರ ವೇಗವನ್ನು ಲೆಕ್ಕಕ್ಕೆ ಸೇರಿಸಿ. ಟಿ265ರಂಥ ಕೆಲವು ಕ್ಯಾಮೆರಾಗಳು ಚಕ್ರದ ವೇಗವನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಇಲ್ಲದಿದ್ದರೆ ಹೊರಗೆ ಒಂದು ಕಾಲ್ಮನ್ ಫಿಲ್ಟರಿನಲ್ಲಿ (ಯಾವ ಅಳತೆಯನ್ನು ಎಷ್ಟು ನಂಬಬೇಕು ಅಂತ ತೂಗಿ ಬೆರೆಸುವ ಲೆಕ್ಕ) ಎರಡನ್ನೂ ಬೆರೆಸಬಹುದು. ಅಪಾಯ ಒಂದಿದೆ. ಚಕ್ರ ಜಾರಿದರೆ ಅದೂ ಸುಳ್ಳು ಹೇಳುತ್ತದೆ, ಮುಖ್ಯವಾಗಿ ನಿಂತಲ್ಲೇ ತಿರುಗುವಾಗ. ಹಾಗಾಗಿ ಮುಂದಕ್ಕೆ ಹೋಗುವ ವೇಗಕ್ಕೆ ಚಕ್ರವನ್ನು ನಂಬಿ, ತಿರುಗುವ ಲೆಕ್ಕಕ್ಕೆ ಜೈರೋವನ್ನು ನಂಬಿ.

ನಿಂತಲ್ಲೇ ತಿರುಗಿದರೂ 40 ಸೆಂ.ಮೀ. ಸರಿದಂತೆ ತೋರಿಸುವ ಬಗ್ಗೆ ಕೇಳಿದ್ದೀರಲ್ಲ, ಅದು ತಪ್ಪೇ ಅಲ್ಲ. ಕ್ಯಾಮೆರಾ ಅಚ್ಚಿಗಿಂತ 20 ಸೆಂ.ಮೀ. ಮುಂದಿದೆ. ಅರ್ಧ ಸುತ್ತು ತಿರುಗಿದರೆ ಅದು ಅಚ್ಚಿನ ಆ ಕಡೆಯಿಂದ ಈ ಕಡೆಗೆ ಬರುತ್ತದೆ. 20 ಮತ್ತು 20, ಸರಿಯಾಗಿ 40. ರೋಬೋದ ನಡುಮಧ್ಯ ನಿಂತಲ್ಲೇ ಇತ್ತು, ಕ್ಯಾಮೆರಾ ಮಾತ್ರ ನಿಜವಾಗಿಯೂ 40 ಸೆಂ.ಮೀ. ಸರಿದಿದೆ. ಅದನ್ನು ಅದು ಪ್ರಾಮಾಣಿಕವಾಗಿ ಹೇಳಿದೆ. ಕ್ಯಾಮೆರಾದ ಜಾಗದಿಂದ ರೋಬೋದ ನಡುಮಧ್ಯಕ್ಕೆ ಲೆಕ್ಕ ಬದಲಿಸುವ ಒಂದು ಸಾಲು ನಿಮ್ಮ ಕೋಡಿನಲ್ಲಿ ಇಲ್ಲ, ಸೇರಿಸಿ. ಕ್ಯಾಮೆರಾ ಎಷ್ಟು ಡಿಗ್ರಿ ಬಾಗಿದೆ ಅನ್ನುವುದನ್ನೂ ಅಲ್ಲೇ ಕೊಡಬೇಕು. ಚಕ್ರದ ವೇಗವನ್ನು ಕ್ಯಾಮೆರಾಗೆ ಕೊಡುವಾಗ ಇದೇ ಅಂಕಿಗಳು ತಪ್ಪಿದ್ದರೆ ಸುಧಾರಿಸುವ ಬದಲು ಹದಗೆಡುತ್ತದೆ.

ಕಂಪನದ ಬಗ್ಗೆ ನೀವು ಬರೆದಿಲ್ಲ, ಆದರೂ ಕೇಳಬೇಕು. ಒಮ್ಮೆ ನನ್ನ ಮುಂದೆ ಒಂದು ರೋಬೋ ಬಂತು. ನಿಂತಾಗ ಸ್ಥಾನ ಕಲ್ಲಿನಂತೆ ಸ್ಥಿರ, ಓಡಿದ ಕೂಡಲೇ ತೇಲಾಟ. ಕ್ಯಾಮೆರಾವನ್ನು ತೆಳು ಅಲ್ಯೂಮಿನಿಯಂ ಪಟ್ಟಿಯ ತುದಿಗೆ ಒಂದೇ ಸ್ಕ್ರೂನಲ್ಲಿ ಬಿಗಿದಿದ್ದರು. ಮೋಟಾರ್ ಓಡಿಸಿ ಪಟ್ಟಿಯ ಮೇಲೆ ಬೆರಳಿಟ್ಟರೆ ಜುಮ್ ಅನ್ನುತ್ತಿತ್ತು. ಸೆಕೆಂಡಿಗೆ 62 ಸಲ ಅಳೆಯುವ ಆಕ್ಸಲರೋಮೀಟರ್ 31 ಹರ್ಟ್ಸ್‌ಗಿಂತ ವೇಗದ ನಡುಕವನ್ನು ಸರಿಯಾಗಿ ಹಿಡಿಯಲಾರದು. ಆ ನಡುಕ ನಿಧಾನದ ಅಲೆಯ ವೇಷದಲ್ಲಿ ಲೆಕ್ಕದೊಳಗೆ ಬರುತ್ತದೆ. ಪಟ್ಟಿ ಬದಲಿಸಿ ದಪ್ಪ ತಟ್ಟೆ ಹಾಕಿ, ನಡುವೆ ರಬ್ಬರ್ ತುಂಡು ಇಟ್ಟೆವು. ತೇಲಾಟ ಅಲ್ಲಿಗೆ ನಿಂತಿತು. ನೀವೂ ಬೆರಳಿಟ್ಟು ನೋಡಿ. ಹಾಗೇ ಕ್ಯಾಮೆರಾದ ಚಿತ್ರ ತೆರೆದು, ರೋಬೋದ ಸ್ವಂತ ಮೈ ಎಲ್ಲಾದರೂ ಕಾಣುತ್ತಿದೆಯೇ ಗಮನಿಸಿ. 160 ಡಿಗ್ರಿ ದಾಟುವ ಫಿಶ್‌ಐ ನೋಟದಲ್ಲಿ ಒಂದು ಬಂಪರೋ, ಒಂದು ವೈರೋ ಸುಲಭವಾಗಿ ಸೇರಿಕೊಳ್ಳುತ್ತದೆ. ಲೋಕವೆಲ್ಲ ಸರಿಯುತ್ತಿದ್ದರೂ ಅದೊಂದು ಸರಿಯುವುದಿಲ್ಲ. "ನಾವು ಓಡುತ್ತಿಲ್ಲ" ಅಂತ ಸದಾ ಹೇಳುವ ಸುಳ್ಳು ಸಾಕ್ಷಿ ಅದು.

ಇಷ್ಟು ಡ್ರಿಫ್ಟ್ ಬಗ್ಗೆ ಆಯಿತು. ಇದನ್ನೆಲ್ಲ ಮಾಡಿದರೂ ಅದು ಸೊನ್ನೆಯಾಗುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಮಾತು ತಪ್ಪುಗಳಿಗೂ ಅನ್ವಯಿಸುತ್ತದೆ. ಓಡಿದ ದೂರದ 1 ಶೇಕಡ ತಪ್ಪಿದರೆ ಈ ಬಗೆಯ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲೇ ನನ್ನ ಲೆಕ್ಕ. ಆದ್ದರಿಂದ ಜಿಗಿತ ಬೇಕೇ ಬೇಕು.

ಆ ಜಿಗಿತ ಬರುವುದು ಹೀಗೆ. ಓಡುತ್ತಾ ಓಡುತ್ತಾ ಕ್ಯಾಮೆರಾ ಅಲ್ಲಲ್ಲಿ ಒಂದೊಂದು ಚಿತ್ರದ ಬಿಂದುಗಳನ್ನು, ಅವುಗಳ ಜಾಗದೊಂದಿಗೆ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಕಾಣುವ ಪ್ರತಿ ಹೊಸ ಚಿತ್ರವನ್ನೂ ಆ ನೆನಪಿನೊಂದಿಗೆ ಹೋಲಿಸುತ್ತದೆ. ಎಲ್ಲ ಬಿಂದುಗಳನ್ನೂ ಒಂದೊಂದಾಗಿ ಹೋಲಿಸುತ್ತಾ ಕೂತರೆ ಸಮಯ ಸಾಲದು. ಅದಕ್ಕೆ ಪ್ರತಿ ಬಿಂದುವನ್ನು ಒಂದು ಪದದಂತೆ, ಚಿತ್ರವನ್ನು ಪದಗಳ ಚೀಲದಂತೆ ನೋಡುತ್ತದೆ. ಅವೇ ಪದಗಳು ಜಾಸ್ತಿ ಇರುವ ಹಳೆಯ ಚಿತ್ರವನ್ನು ಮೊದಲು ಹುಡುಕಿ, ನಂತರ ಬಿಂದುಗಳ ಜಾಗ ಒಂದಕ್ಕೊಂದು ಹೊಂದುತ್ತದೆಯೇ ಅಂತ ರೇಖಾಗಣಿತದಿಂದ ಪರೀಕ್ಷೆ ಮಾಡುತ್ತದೆ. 2015ರ ಓಆರ್‌ಬಿ-ಸ್ಲ್ಯಾಮ್‌ನಂಥ ಮುಕ್ತ ತಂತ್ರಾಂಶಗಳಲ್ಲಿ ಇದು ಇದೇ ರೀತಿ ನಡೆಯುತ್ತದೆ. ಎರಡೂ ಪರೀಕ್ಷೆ ಪಾಸಾದರೆ ಮಾತ್ರ ಸ್ಥಾನ ತಿದ್ದುತ್ತದೆ.

ವಾಪಸ್ ಬರುವ 40 ಮೀಟರ್ ಉದ್ದಕ್ಕೂ ನಿಮಗೆ ಒಂದೂ ಜಿಗಿತ ಬರಲಿಲ್ಲ ಏಕೆ? ಹೋಗುವಾಗ ಕ್ಯಾಮೆರಾ ನೋಡಿದ್ದು ಕಾರಿಡಾರಿನ ಒಂದು ಮುಖ. ಬರುವಾಗ ಕಂಡದ್ದು ಇನ್ನೊಂದು ಮುಖ. ಕಂಬದ ಮುಂಭಾಗ ನೋಡಿದವನಿಗೆ ಹಿಂಭಾಗ ತೋರಿಸಿದರೆ ಗುರುತು ಸಿಗುವುದು ಕಷ್ಟ. ನೀವು ಟೇಪಿನ ಹತ್ತಿರ ಮೊದಲಿನ ದಿಕ್ಕಿಗೇ ತಿರುಗಿಸಿದಿರಿ, ಹಳೆಯ ನೋಟ ಮತ್ತೆ ಕಂಡಿತು, ಗುರುತು ಸಿಕ್ಕಿತು. ಮೂರ್ನಾಲ್ಕು ಸೆಕೆಂಡ್ ಹಿಡಿದದ್ದೂ ಸಹಜ. ಒಂದೇ ಚಿತ್ರವನ್ನು ನಂಬಿ ತಿದ್ದುವ ಕ್ಯಾಮೆರಾಗಿಂತ ಸ್ವಲ್ಪ ಕಾದು ತಿದ್ದುವ ಕ್ಯಾಮೆರಾ ಮೇಲು.

ಹಾಗಾದರೆ ರೋಬೋ ಗೋಡೆಗೆ ಗುದ್ದಿದ್ದೇಕೆ? ಇದರ ಉತ್ತರ ನಿಮ್ಮ ಆವರಣದೊಳಗಿನ ಒಂದು ಸಾಲಿನಲ್ಲಿದೆ. ಎರಡು ಸ್ಥಾನಗಳ ವ್ಯತ್ಯಾಸದಿಂದ ವೇಗ ತೆಗೆಯುತ್ತಿದ್ದೀರಿ. ಸ್ಥಾನ 1.3 ಮೀಟರಿನಿಂದ 6 ಸೆಂ.ಮೀ.ಗೆ ಬಂತು, ಅಂದರೆ 1.24 ಮೀಟರ್. ಸೆಕೆಂಡಿಗೆ 200 ಉತ್ತರ ಕೊಡುವ ಕ್ಯಾಮೆರಾದಲ್ಲಿ ಎರಡು ಉತ್ತರಗಳ ನಡುವೆ 5 ಮಿಲಿಸೆಕೆಂಡ್. ಭಾಗಿಸಿ ನೋಡಿ: ಸೆಕೆಂಡಿಗೆ 248 ಮೀಟರ್. ನಿಮ್ಮ ಕೋಡಿನ ಪ್ರಕಾರ ಆ ಕ್ಷಣ ರೋಬೋ ವಿಮಾನದ ವೇಗದಲ್ಲಿ ಅಡ್ಡಕ್ಕೆ ಹಾರಿತು. ಅದನ್ನು ತಡೆಯಲು ಕೋಡ್ ಚಕ್ರಗಳನ್ನು ತನ್ನ ಶಕ್ತಿಯಿದ್ದಷ್ಟೂ ತಿರುಗಿಸಿತು. ಕ್ಯಾಮೆರಾ ವೇಗವನ್ನು ಬೇರೆಯಾಗಿಯೇ ಕೊಡುತ್ತಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಚಕ್ರದಿಂದ ತೆಗೆದುಕೊಳ್ಳಿ. ಸ್ಥಾನದ ವ್ಯತ್ಯಾಸದಿಂದ ಮಾತ್ರ ಬೇಡ.

ಇದು ತುರ್ತು ಚಿಕಿತ್ಸೆ. ಕೋಡ್ ಕಟ್ಟುವ ಸರಿಯಾದ ರೀತಿ ಬೇರೆ ಇದೆ, ಅದನ್ನು ಮನಸಿಟ್ಟು ಓದಿ. ಸ್ಥಾನವನ್ನು ಒಂದೇ ಅಂಕಿಯಾಗಿ ಇಟ್ಟುಕೊಳ್ಳಬೇಡಿ, ಎರಡಾಗಿ ಇಡಿ. ರೋಬೋ ತಂತ್ರಾಂಶ ಕಟ್ಟಲು ರೋಸ್ (ROS) ಬಳಸುವವರಿಗೆ ಇದು ಪರಿಚಿತ, ಅಲ್ಲಿ ಇವಕ್ಕೆ ಓಡಮ್ ಮತ್ತು ಮ್ಯಾಪ್ ಅಂತ ಹೆಸರು. ಓಡಮ್ ಅನ್ನುವುದು ಹೆಜ್ಜೆ ಎಣಿಸುವ ಲೆಕ್ಕ. ಅದು ಎಂದೂ ಜಿಗಿಯಬಾರದು, ಮೆಲ್ಲಗೆ ತಪ್ಪಿದರೆ ತಪ್ಪಲಿ. ಮ್ಯಾಪ್ ಅನ್ನುವುದು ನಿಜವಾದ ಜಾಗ. ಅದು ಜಿಗಿಯಬಹುದು, ತಪ್ಪು ಮಾತ್ರ ಕೂಡುತ್ತಾ ಹೋಗಬಾರದು. ಇವೆರಡರ ನಡುವಿನ ಅಂತರವನ್ನು ಬೇರೆ ಇಟ್ಟುಕೊಳ್ಳಿ. ರೀಲೋಕಲೈಸೇಶನ್ ಆದಾಗ ಬದಲಾಗುವುದು ಆ ಅಂತರ ಮಾತ್ರ. ಚಕ್ರಗಳನ್ನು ನಡೆಸುವ ಕೋಡ್ ಓಡಮ್ ನೋಡಿ ನಡೆಯಲಿ, ಅದಕ್ಕೆ ಜಿಗಿತ ಗೊತ್ತೇ ಆಗುವುದಿಲ್ಲ. ಎಲ್ಲಿಗೆ ಹೋಗಬೇಕು ಅನ್ನುವ ಕೋಡ್ ಮ್ಯಾಪ್ ನೋಡಲಿ. ಅಂತರ ಬದಲಾದ ಕೂಡಲೇ ಅದು ದಾರಿಯನ್ನು ಮತ್ತೆ ಹಾಕಿಕೊಂಡು ರೋಬೋವನ್ನು ಮೃದುವಾಗಿ ಹೊಸ ದಾರಿಗೆ ತರುತ್ತದೆ. ಡ್ರೋನ್‌ಗಳಲ್ಲೂ ಇದೇ ತೊಂದರೆ ಇದೆ. ಅಲ್ಲಿ ಮಾಹಿತಿ ಕಳಿಸಲು ಬಳಸುವ ಮ್ಯಾವ್‌ಲಿಂಕ್‌ನ ಓಡೋಮೆಟ್ರಿ ಸಂದೇಶದಲ್ಲಿ "ಈಗ ಲೆಕ್ಕ ಜಿಗಿದಿದೆ" ಅಂತ ತಿಳಿಸಲೆಂದೇ ಒಂದು ಎಣಿಕೆ ಇಟ್ಟಿದ್ದಾರೆ.

ಜಿಗಿತವನ್ನು ಒಂದೆರಡು ಸೆಕೆಂಡಿಗೆ ಹಂಚಿ ನಿಧಾನವಾಗಿ ತಿದ್ದುವ ದಾರಿಯೂ ಇದೆ, ಹಲವರು ಅದನ್ನೇ ಮಾಡುತ್ತಾರೆ. ಮಾಡುವುದು ಸುಲಭ. ಆದರೆ ಆ ಎರಡು ಸೆಕೆಂಡ್ ರೋಬೋ ತಪ್ಪು ಅಂತ ಗೊತ್ತಿರುವ ಲೆಕ್ಕದ ಮೇಲೆ ಓಡುತ್ತದೆ. ವಿಶಾಲ ಜಾಗದಲ್ಲಿ ಪರವಾಗಿಲ್ಲ. ಬಾಗಿಲು ದಾಟುವಾಗ ಆದರೆ ಚೌಕಟ್ಟಿಗೆ ತಗುಲುತ್ತದೆ.

ಇನ್ನು ಸುಳ್ಳು ಜಿಗಿತದ ಭಯ. ಒಂದೇ ತರಹದ ಬಾಗಿಲುಗಳಿರುವ ಎರಡು ಕಾರಿಡಾರ್ ಇದ್ದರೆ ಕ್ಯಾಮೆರಾ ಒಂದನ್ನು ಇನ್ನೊಂದು ಅಂದುಕೊಳ್ಳಬಹುದು. ಅಪರೂಪ, ಆದರೆ ಆದಾಗ ಅನಾಹುತ. ನಾನು ಇಡುವ ಕಾವಲು ಹೀಗಿದೆ: ಹಿಂದಿನ ರೀಲೋಕಲೈಸೇಶನ್‌ನಿಂದ ಇಲ್ಲಿಯವರೆಗೆ ಓಡಿದ ದೂರದ 2 ಶೇಕಡಕ್ಕೆ ಅರ್ಧ ಮೀಟರ್ ಸೇರಿಸಿ. ಜಿಗಿತ ಅದಕ್ಕಿಂತ ದೊಡ್ಡದಾದರೆ ತಕ್ಷಣ ನಂಬಬೇಡಿ. ನಿಮ್ಮ ಓಟಕ್ಕೆ ಅದು 1.6 ಮತ್ತು ಅರ್ಧ, ಅಂದರೆ 2.1 ಮೀಟರ್. ನಿಮ್ಮ 1.24 ಸಲೀಸಾಗಿ ಪಾಸು. 20 ಮೀಟರ್ ಓಡಿದ ಮೇಲೆ 9 ಮೀಟರ್ ಜಿಗಿದರೆ ರೋಬೋ ನಿಲ್ಲಿಸಿ, ಇನ್ನೊಮ್ಮೆ ಗುರುತು ಸಿಗುವವರೆಗೆ ಕಾಯಿರಿ. ಕ್ಯಾಮೆರಾ ಕೊಡುವ ಕಾನ್ಫಿಡೆನ್ಸ್ ಅಂಕಿಯನ್ನು ಈ ಕಾವಲಿಗೆ ಬಳಸಬೇಡಿ. ಅದು ಈ ಕ್ಷಣ ಬಿಂದುಗಳು ಚೆನ್ನಾಗಿ ಸಿಗುತ್ತಿವೆ ಅಂತ ಹೇಳುತ್ತದೆಯೇ ಹೊರತು, ಇಷ್ಟು ಹೊತ್ತು ಕೂಡಿದ ತಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ. 4 ಮೀಟರ್ ತಪ್ಪಿದಾಗಲೂ ನಿಮಗೆ ಆ ಅಂಕಿ ಚೆನ್ನಾಗಿಯೇ ಕಂಡಿರಬಹುದು.

ಹೀಗೆಲ್ಲ ಊಹೆ ಬೇಡ, ಖಚಿತ ಜಾಗ ಬೇಕು ಅಂದರೆ ಏಪ್ರಿಲ್‌ಟ್ಯಾಗ್ ಅಂಟಿಸಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಕಪ್ಪು ಬಿಳುಪು ಚೌಕಗಳನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಬಹುದು. ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಒಂದನ್ನು ಇನ್ನೊಂದು ಅಂದುಕೊಳ್ಳುವ ಪ್ರಶ್ನೆ ಬಹುಮಟ್ಟಿಗೆ ಇಲ್ಲ. ಕಾರಿಡಾರಿನ ಎರಡು ತುದಿ ಮತ್ತು ನಡುವೆ ಒಂದೆರಡು ಸಾಕು. ಅವುಗಳ ಜಾಗವನ್ನು ನೀವೇ ಅಳೆದು ಕೊಡಬೇಕು, ಆ ಅಳತೆ ತಪ್ಪಿದರೆ ರೋಬೋವೂ ಅಷ್ಟೇ ತಪ್ಪುತ್ತದೆ. ದೂರದಿಂದ ನೋಡಿದಾಗ ಟ್ಯಾಗ್ ಯಾವ ಕಡೆಗೆ ವಾಲಿದೆ ಅನ್ನುವುದು ಸರಿಯಾಗಿ ಸಿಗುವುದಿಲ್ಲ. ಹತ್ತಿರ ಬಂದಾಗಿನ ಓದನ್ನು ಮಾತ್ರ ನಂಬಿ.

ಉಳಿಸಿದ ಮ್ಯಾಪಿನ ಮೂಲಬಿಂದು ಬೇರೆ ಕಡೆ ಬರುವುದಕ್ಕೂ ಕಾರಣ ಸರಳ. ಕ್ಯಾಮೆರಾ ಆನ್ ಆದ ಜಾಗವೇ ಅದಕ್ಕೆ ಸೊನ್ನೆ, ಆಗ ನೋಡುತ್ತಿದ್ದ ಕಡೆಯೇ ಮುಂದೆ. ಮ್ಯಾಪ್ ಹಾಕಿದ ಮಾತ್ರಕ್ಕೆ ಇದು ಬದಲಾಗುವುದಿಲ್ಲ. ಮ್ಯಾಪಿನೊಳಗಿನ ಒಂದು ನೋಟ ಗುರುತಾಗುವವರೆಗೆ ನಿಮಗೆ ಸಿಗುವುದು ಇವತ್ತಿನ ಸೊನ್ನೆಯ ಲೆಕ್ಕ, ನಿನ್ನೆಯದಲ್ಲ. ಆದ್ದರಿಂದ ರೋಬೋವನ್ನು ಟೇಪಿನ ಮೇಲೆ ಅದೇ ದಿಕ್ಕಿಗೆ ಇಟ್ಟು, ನಿಧಾನವಾಗಿ ಎಡಕ್ಕೆ ಬಲಕ್ಕೆ ಸ್ವಲ್ಪ ಆಡಿಸಿ. ರೀಲೋಕಲೈಸೇಶನ್ ಆಯಿತು ಅನ್ನುವ ಸೂಚನೆ ಬರುವವರೆಗೆ ಓಟ ಶುರುಮಾಡಬೇಡಿ. ಹಗಲು ಬೆಳಕಲ್ಲಿ ಮಾಡಿದ ಮ್ಯಾಪ್ ರಾತ್ರಿ ದೀಪದಲ್ಲಿ ಕೈಕೊಡಬಹುದು. ನೆರಳು, ಹೊಳಪು ಎಲ್ಲ ಬದಲಾಗಿರುತ್ತದೆ. ಎರಡು ಹೊತ್ತಿಗೂ ಓಡಿಸುವುದಾದರೆ ಎರಡು ಮ್ಯಾಪ್ ಇಟ್ಟುಕೊಳ್ಳಿ.

ಕ್ಯಾಲಿಬ್ರೇಷನ್ ವಿಷಯಕ್ಕೆ ಬಂದರೆ, ಸುಮ್ನೆ ಕೈ ಹಾಕಬೇಡಿ. ಇವು ಕಾರ್ಖಾನೆಯಲ್ಲೇ ಕ್ಯಾಲಿಬ್ರೇಟ್ ಆಗಿ ಬರುತ್ತವೆ. ಮನೆಯಲ್ಲಿ ಮಾಡಿದ್ದು ಅದಕ್ಕಿಂತ ಕೆಟ್ಟದಾಗುವುದೇ ಹೆಚ್ಚು. ಕ್ಯಾಮೆರಾ ಕೆಳಗೆ ಬಿದ್ದಿದ್ದರೆ ಮಾತು ಬೇರೆ. ಅನುಮಾನ ಪರಿಹರಿಸಿಕೊಳ್ಳಲು ಮೋಟಾರ್ ಆಫ್ ಮಾಡಿ ಐದು ನಿಮಿಷ ಅಲುಗಾಡಿಸದೆ ಬಿಡಿ. ಸ್ಥಾನ ಒಂದೆರಡು ಸೆಂ.ಮೀ. ಒಳಗೇ ಇರಬೇಕು. ಆಕ್ಸಲರೋಮೀಟರ್ ಗುರುತ್ವದ 9.8ರ ಆಸುಪಾಸು ತೋರಿಸಬೇಕು. ಎರಡೂ ಲೆನ್ಸಿನ ಚಿತ್ರ ಒಂದೇ ರೀತಿ ಚೂಪಾಗಿರಬೇಕು. ಎಷ್ಟೋ ಸಲ ಒಂದು ಲೆನ್ಸಿನ ಮೇಲಿನ ಬೆರಳಚ್ಚೇ ಖಳನಾಯಕ. ಆಮೇಲೆ ಕ್ಯಾಮೆರಾ ಬಿಚ್ಚಿ ಕೈಯಲ್ಲಿ ಹಿಡಿದು ಅದೇ 80 ಮೀಟರ್ ನಡೆಯಿರಿ. ಕೈಯಲ್ಲೂ ರೋಬೋ ಮೇಲೂ ತಪ್ಪು ಒಂದೇ ತರಹ ಬಂದರೆ ಆಗ ಕ್ಯಾಮೆರಾ ಮೇಲೆ ಅನುಮಾನ ಪಡಿ. ಕೈಯಲ್ಲಿ ಚೆನ್ನಾಗಿ ಬಂದರೆ ಹಣ ಉಳಿಯಿತು, ತೊಂದರೆ ರೋಬೋ ಕಡೆಗಿದೆ.

ವೇಗದ ಸಾಲು ಬದಲಿಸಿ, ತಿರುವು ನಿಧಾನ ಮಾಡಿ, ರೀಲೋಕಲೈಸೇಶನ್ ಮತ್ತೆ ಆನ್ ಮಾಡಿ ಹತ್ತು ಸುತ್ತು ಓಡಿಸಿ. ಪ್ರತಿ ಜಿಗಿತ ಎಷ್ಟು, ಯಾವ ಕಡೆಗೆ ಅಂತ ಬರೆದಿಡಿ. ಹತ್ತೂ ಸಲ ಒಂದೇ ಕಡೆಗೆ, ಹೆಚ್ಚುಕಮ್ಮಿ ಅಷ್ಟೇ ಜಿಗಿದರೆ ಕ್ಯಾಮೆರಾ ಕೂರಿಸಿದ ಕೋನವನ್ನು, ಜೈರೋದ ಅಳತೆಯನ್ನು ನೋಡಬೇಕು. ಅದನ್ನು ಒಂದು ಸಂಖ್ಯೆಯಿಂದ ತಿದ್ದಬಹುದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಿಗಿದರೆ ಮಸುಕು, ಬೆಳಕು, ನಡುಕ ಈ ಮೂರರಲ್ಲಿ ಒಂದು. ಆ ಹತ್ತು ಅಂಕಿಗಳನ್ನು ನನಗೆ ಕಳಿಸಿ, ಯಾವುದು ಅಂತ ಇಬ್ಬರೂ ಕೂತು ಹುಡುಕೋಣ.